ಕೆಂಪಾಗಿದ್ದೇನೆ, ಕೆಟ್ಟಿಲ್ಲ!

ಮುಂಬೈನ ಮುಲುಂಡ್‌ನಲ್ಲಿ ಒಂದು ಹೌಸಿಂಗ್ ಸೊಸೈಟಿ. ಟೆರೇಸ್‌ಗೆ ಹತ್ತುವ ಕೊನೆಯ ಮೆಟ್ಟಿಲ ಪಕ್ಕದ ಗೋಡೆಯಲ್ಲಿ ಸೋಲಾರ್ ಇನ್ವರ್ಟರ್. ಜುಲೈ ಮಳೆ ಶುರುವಾದಾಗಿನಿಂದ ಬೆಳಬೆಳಗ್ಗೆ ಅದರ ಕೆಂಪು ದೀಪ ಹೊತ್ತಿಕೊಳ್ಳುತ್ತಿದೆ. ಕಮಿಟಿಯ ಎಲ್ಲರೂ ಸರದಿಯಂತೆ ಬಂದು ಸ್ವಿಚ್ ಆರಿಸಿ, ಹಾಕಿ, ತಲೆ ಕೆರೆದುಕೊಂಡು ಹೋಗಿದ್ದಾರೆ. ಯಾರೂ ಅದನ್ನೇ ಕೇಳಿರಲಿಲ್ಲ.

ಪ್ರಶ್ನೆ: ನಮಸ್ಕಾರ. ಮುಖ ಕೆಂಪಾಗಿದೆಯಲ್ಲ, ಕೆಟ್ಟುಹೋಗಿದ್ದೀರಾ?

ಇನ್ವರ್ಟರ್: ಕೆಟ್ಟಿದ್ದರೆ ದೀಪ ಹೊತ್ತಿಸುವವರು ಯಾರು ಮಾರಾಯ್ರೆ? ಕೆಟ್ಟದ್ದು ಟೆರೇಸ್‌ನಲ್ಲಿದೆ. ನಾನು ಚಾಡಿ ಹೇಳುತ್ತಿದ್ದೇನೆ ಅಷ್ಟೆ.

ಪ್ರಶ್ನೆ: ಇಷ್ಟು ಚೆಂದ ಕನ್ನಡ!

ಇನ್ವರ್ಟರ್: ನಮ್ಮ ಸೆಕ್ರೆಟರಿ ಊರಿನ ಕಡೆಯವರು. ಕಾಂಟ್ರ್ಯಾಕ್ಟರ್ ಜೊತೆ ಫೋನಿನಲ್ಲಿ ಹಿಂದಿ. ಫೋನ್ ಇಟ್ಟ ಮೇಲೆ ಬೈಯುವುದು ಕನ್ನಡದಲ್ಲಿ. ಎರಡನೆಯ ಭಾಗವೇ ಉದ್ದ.

ಪ್ರಶ್ನೆ: ಏನಪ್ಪ ಆ ಚಾಡಿ?

ಇನ್ವರ್ಟರ್: ದಿನಾ ಬೆಳಗ್ಗೆ ಕೆಲಸಕ್ಕೆ ಇಳಿಯುವ ಮೊದಲು ಪ್ಯಾನೆಲ್‌ನ ವೈರಿನಿಂದ ನೆಲಕ್ಕೆ ಕರೆಂಟ್ ಸೋರುತ್ತಿದೆಯೇ ಎಂದು ನೋಡುತ್ತೇನೆ. ಸೋರಿದರೆ ಶುರುವೇ ಆಗುವುದಿಲ್ಲ. ಪರದೆಯ ಮೇಲೆ ಐಸೋಲೇಷನ್ ಫಾಲ್ಟ್ ಎಂದು ಬರೆಯುತ್ತೇನೆ. ಅದನ್ನು ಓದಿದ ಚೇರ್ಮನ್, ‘ಕೊರೊನಾ ಹೋಗಿ ಎಷ್ಟು ಕಾಲವಾಯಿತು, ಇದಕ್ಕಿನ್ನೂ ಐಸೋಲೇಷನ್ನೇ?’ ಎಂದರು.

ಪ್ರಶ್ನೆ: ಸೋರಿಕೆ ಎಲ್ಲಿಂದ ಬಂತು?

ಇನ್ವರ್ಟರ್: ಮೇ ತಿಂಗಳಲ್ಲಿ ಟೆರೇಸ್‌ಗೆ ವಾಟರ್‌ಪ್ರೂಫಿಂಗ್ ಮಾಡಿಸಿದರಲ್ಲ, ಅಲ್ಲಿಂದ. ಕೆಲಸದವರು ಅಡ್ಡ ಬಂದ ವೈರ್ ಬಿಚ್ಚಿ ನೆಲಕ್ಕೆ ಬಿಟ್ಟರು. ಒಂದು ಕಡೆ ಕನೆಕ್ಟರ್ ಒಡೆಯಿತು. ಬೇರೆ ಕಂಪನಿಯದ್ದನ್ನು ಒತ್ತಿ ಕೂರಿಸಿದರು. ಟಕ್ ಎಂದು ಕೂತಿತು, ನೀರು ಬಾರದಂತೆ ಮಾತ್ರ ಕೂರಲಿಲ್ಲ. ಈಗ ಅದು ನಿಂತ ಮಳೆನೀರಿನಲ್ಲಿ ಮಲಗಿದೆ. ಆರನೇ ಮಾಳಿಗೆಯವರ ಮನೆ ಸೋರುವುದು ನಿಂತಿತು, ನನ್ನದು ಶುರುವಾಯಿತು.

ಪ್ರಶ್ನೆ: ಟೆಕ್ನಿಷಿಯನ್ ಬಂದಿದ್ದರಂತೆ?

ಇನ್ವರ್ಟರ್: ಬಂದಿದ್ದ, ಮಧ್ಯಾಹ್ನ ಎರಡಕ್ಕೆ. ಅಷ್ಟರಲ್ಲಿ ಬಿಸಿಲು ಬಂದು ಕನೆಕ್ಟರ್ ಒಣಗಿ ನಾನು ಹಸಿರಾಗಿದ್ದೆ. ‘ಸಬ್ ಠೀಕ್ ಹೈ’ ಎಂದು ಬರೆದು, ವಿಸಿಟ್ ಚಾರ್ಜ್ ತೆಗೆದುಕೊಂಡು ಹೋದ. ಮಾರನೆಯ ಬೆಳಗ್ಗೆ ಮಳೆ, ಮತ್ತೆ ಕೆಂಪು. ಪಾಪ, ಅವನದೇನು ತಪ್ಪು? ರೋಗ ಇರುವ ಹೊತ್ತಿಗೆ ವೈದ್ಯ ಬದ್ಲಾಪುರದ ಲೋಕಲ್‌ನ ಬಾಗಿಲಲ್ಲಿ ನೇತಾಡುತ್ತಿರುತ್ತಾನೆ.

ಪ್ರಶ್ನೆ: ಹಾಗಾದರೆ ಹಿಡಿಯುವುದು ಹೇಗೆ?

ಇನ್ವರ್ಟರ್: ಕೆಂಪಿರುವಾಗಲೇ ಪರದೆಯ ಫೋಟೋ ತೆಗೆಯಿರಿ, ಕೋಡ್ ಮತ್ತು ಗಂಟೆ ಕಾಣುವಂತೆ. ಹಳೆಯದೆಲ್ಲ ನನ್ನ ನೆನಪಿನಲ್ಲೂ ಇದೆ, ಕೇಳಿದವರಿಲ್ಲ. ಆಮೇಲೆ ಟೆಕ್ನಿಷಿಯನ್ ಒಂದೊಂದೇ ಸ್ಟ್ರಿಂಗ್, ಅಂದರೆ ಪ್ಯಾನೆಲ್‌ಗಳ ಸಾಲು, ಬೇರ್ಪಡಿಸಿ ಸೋರಿಕೆ ಪತ್ತೆಹಚ್ಚುವ ಮೆಗ್ಗರ್ ಹಚ್ಚಬೇಕು. ಕನೆಕ್ಟರ್ ಒಣಗಿದ್ದರೆ ಮೊದಲು ನೀರು ಚಿಮುಕಿಸಿ ನೋಡಬೇಕು.

ಪ್ರಶ್ನೆ: ನಾನೇ ನೋಡಲೇ?

ಇನ್ವರ್ಟರ್: ಕೈ ಹಿಂದೆ ಕಟ್ಟಿಕೊಳ್ಳಿ! ಹಗಲಿನಲ್ಲಿ ಪ್ಯಾನೆಲ್ ಆರಿಸಲು ಸ್ವಿಚ್ಚೇ ಇಲ್ಲ. ಮೋಡವಿದ್ದರೂ ಆ ವೈರಿನಲ್ಲಿ ನೂರಾರು ವೋಲ್ಟ್ ಡಿಸಿ. ಸೋರಿಕೆ ಇರುವಾಗ ಪ್ಯಾನೆಲ್‌ನ ಚೌಕಟ್ಟನ್ನೂ ಮುಟ್ಟಬಾರದು. ನೀವು ಮಾಡಬಹುದಾದದ್ದು ಇಷ್ಟೆ: ಮೊದಲು ಎಸಿ ಸ್ವಿಚ್, ಆಮೇಲೆ ಡಿಸಿ ಸ್ವಿಚ್ ಆರಿಸಿ, ಮ್ಯಾನ್ಯುಯಲ್‌ನಲ್ಲಿ ಹೇಳಿದಷ್ಟು ಹೊತ್ತು ಕಾದು, ಮತ್ತೆ ಹಾಕುವುದು. ಮತ್ತೂ ಕೆಂಪಾದರೆ ದೂರ ನಿಲ್ಲುವುದು. ಮ್ಯಾನ್ಯುಯಲ್ ಸೆಕ್ರೆಟರಿ ಮನೆಯ ಅಟ್ಟದಲ್ಲಿ, ಗಣಪತಿ ಹಬ್ಬದ ಸರದೀಪಗಳ ಡಬ್ಬದ ಅಡಿಯಲ್ಲಿದೆ.

ಪ್ರಶ್ನೆ: ದೀಪದ ಮೇಲೆ ಈ ಕಪ್ಪು ಟೇಪಿನ ಚೂರು?

ಇನ್ವರ್ಟರ್: ಟ್ರೆಜರರ್ ಚಿಕಿತ್ಸೆ. ಅಂಟಿಸಿದ ಸಂಜೆಯೇ ಮಿನಿಟ್ಸ್ ಪುಸ್ತಕದಲ್ಲಿ ‘ದೋಷ ನಿವಾರಿಸಲಾಗಿದೆ’ ಎಂದು ಬರೆದರು. ತಿಂಗಳ ಕೊನೆಗೆ ಬಿಲ್ ಬಂದಾಗ ಟೇಪ್ ಕಿತ್ತರು.

ಪ್ರಶ್ನೆ: ಇನ್ನೊಂದು ದೂರಿದೆ. ಕರೆಂಟ್ ಹೋದಾಗ, ಹೊರಗೆ ಸುಡು ಬಿಸಿಲಿದ್ದರೂ ನೀವು ಮಲಗುತ್ತೀರಿ.

ಇನ್ವರ್ಟರ್: ಮಲಗಲೇಬೇಕು. 2020ರ ಅಕ್ಟೋಬರ್ 12ರ ಬೆಳಗ್ಗೆ ಗ್ರಿಡ್ ಕುಸಿದು ಲೋಕಲ್‌ಗಳು ಹಳಿಯ ಮೇಲೇ ನಿಂತವಲ್ಲ, ಅಂದು ಬ್ಯಾಟರಿ ಇಲ್ಲದ ನಮ್ಮ ಜಾತಿಯವರದ್ದೆಲ್ಲ ಇದೇ ಕತೆ. ಲೈನು ಸತ್ತಿದೆ ಎಂದು ನಂಬಿ ಲೈನ್‌ಮನ್ ಕೈ ಹಾಕಿರುತ್ತಾನೆ. ಆಗ ನಾನು ಇಲ್ಲಿಂದ ಕರೆಂಟ್ ತಳ್ಳಿದರೆ? ಬೆಸ್ಟ್ ಇರಲಿ, ಟಾಟಾ, ಅದಾನಿ, ಮಹಾವಿತರಣ ಇರಲಿ, ಮೀಟರ್ ಯಾರದ್ದಾದರೂ ಈ ನಿಯಮ ಒಂದೇ. ಲಿಫ್ಟಿನಲ್ಲಿ ಸಿಕ್ಕಿಕೊಂಡವರಿಗೆ ಇದನ್ನು ವಿವರಿಸಲು ಮಾತ್ರ ಹೋಗಬೇಡಿ.

ಪ್ರಶ್ನೆ: ನಿಮ್ಮನ್ನು ತಂದಾಗ ಎಲ್ಲರಿಗೂ ಉತ್ಸಾಹವಿತ್ತಲ್ಲ?

ಇನ್ವರ್ಟರ್: ಪಿಎಂ ಸೂರ್ಯಘರ್ ಯೋಜನೆ 2024ರಲ್ಲಿ ಬಂತು. ಲಿಫ್ಟ್, ಪಂಪು, ಮೆಟ್ಟಿಲ ದೀಪದಂಥ ಸೊಸೈಟಿಯ ಖರ್ಚಿಗೆ ಕಿಲೋವ್ಯಾಟ್‌ಗೆ 18,000 ರೂಪಾಯಿ ಸಬ್ಸಿಡಿ ಎಂದಾಗ ಸಭೆಯಲ್ಲಿ ಕುರ್ಚಿ ಸಾಲಲಿಲ್ಲ. ವಾರ್ಷಿಕ ನಿರ್ವಹಣೆಯ ಗುತ್ತಿಗೆ ಎಂದಾಗ ಕೋರಂ ಇರಲಿಲ್ಲ. ಪ್ಯಾನೆಲ್ ಮೇಲಿನ ಪಾರಿವಾಳದ ಹಿಕ್ಕೆಯನ್ನು ಇವತ್ತಿಗೂ ಮಳೆಯೇ ತೊಳೆಯಬೇಕು.

ಪ್ರಶ್ನೆ: ಈಗೇನು ದಾರಿ? ಟೆಕ್ನಿಷಿಯನ್‌ನನ್ನು ಬೆಳಗ್ಗೆಯೇ ಕರೆಸಿದರೆ?

ಇನ್ವರ್ಟರ್: ಕರೆಯದೆಯೇ ಬಂದಿದ್ದಾನೆ! ಹುಡುಗ ಬುದ್ಧಿವಂತ, ಇವತ್ತು ಮೊದಲ ಲೋಕಲ್ ಹಿಡಿದು ಏಳಕ್ಕೇ ಹಾಜರ್. ಆದರೆ ಹೊರಗಿನ ಕೆಲಸಗಾರರಿಗೆ ಹತ್ತಕ್ಕೆ ಮೊದಲು ಪ್ರವೇಶವಿಲ್ಲ ಎಂದು ಸೊಸೈಟಿಯ ರೂಲು. ವಾಚ್‌ಮನ್ ಗೇಟಿನ ಹತ್ತಿರ ಸ್ಟೂಲ್ ಕೊಟ್ಟು ಕೂರಿಸಿದ್ದಾನೆ. ಅಲ್ಲಿ ನೋಡಿ, ಬಿಸಿಲು ಬಂತು.