ಥಂಡಿ ಗಾಡಿಗೋ, ಗಾಡಿ ಹೊಡೆಯುವವನಿಗೋ?

ಥಂಡಿ ಬಿತ್ತೆಂದರೆ ಮಾದನಹಿಪ್ಪರಗಾದಲ್ಲಿ ಬೇಲಿಯೇ ನಮ್ಮ ಕಚೇರಿ. ಎಳೆ ಬಿಸಿಲಿಗೆ ಬೆನ್ನು ಕಾಯಿಸುತ್ತ ನಾನು ಈಚೆ, ಬಾಜೂ ಮನೆಯ ಕಾಕಾ ಆಚೆ. ಈ ಸಲ ಕಾಕಾಗೆ ತೊಗರಿಯ ರೇಟಿಗಿಂತ ನನ್ನ ಬ್ಯಾಟರಿ ಕಾರಿನ ಚಿಂತೆಯೇ ಹೆಚ್ಚು. ಅವರ ಅಳಿಯ ಇರುವುದು ಅಮೆರಿಕದ ಮಿನ್ನೆಸೋಟಾದಲ್ಲಿ. ಚಳಿಗಾಲಕ್ಕೆ ಕಾರು ಸಜ್ಜು ಮಾಡುವ ವಿಡಿಯೊಗಳನ್ನು ಆತ ಕಳಿಸುತ್ತಾನೆ, ಇವರು ನನಗೆ ಉಪದೇಶ ಮಾಡುತ್ತಾರೆ. ಮೊನ್ನೆಯಂತೂ ಬಾನೆಟ್ಟಿನ ಮೇಲೆ ಕೌದಿ ಹೊಚ್ಚಿಯೇ ಬಿಟ್ಟಿದ್ದರು. "ಕಾಕಾ, ಬ್ಯಾಟರಿ ಅಲ್ಲಿಲ್ಲ, ನಾವು ಕಾಲಿಡೋ ಜಾಗದ ಕೆಳಗದ" ಎಂದೆ.

"ಹಂಗಾರ ಹೊಚ್ಚೋದಲ್ಲ, ಹಾಸಬೇಕಿತ್ತು" ಎಂದರು.

ಅಳಿಯನ ಮಾತೇನೂ ಸುಳ್ಳಲ್ಲ. ಅವನೂರಲ್ಲಿ ಜನವರಿಗೆ ಪಾರಾ ಸೊನ್ನೆಗಿಂತ 20 ಡಿಗ್ರಿ ಕೆಳಗೆ ಇಳಿಯುವುದುಂಟು. ಅಂಥ ಚಳಿಗೆ ಲಿಥಿಯಂ ಬ್ಯಾಟರಿಯ ಒಳಗಿನ ಕೆಲಸವೆಲ್ಲ ನಿಧಾನ. ಸೊನ್ನೆಯ ಕೆಳಗೆ ಜೋರಾಗಿ ಚಾರ್ಜ್ ಮಾಡಿದರೆ ಲಿಥಿಯಂ ಒಳಹೋಗದೆ ಲೋಹವಾಗಿ ಮೇಲೆಯೇ ಅಂಟಿಕೊಂಡು ಬ್ಯಾಟರಿಯ ಆಯುಷ್ಯ ತಿನ್ನುತ್ತದೆ. ಅದಕ್ಕೇ ಅಲ್ಲಿಯ ಕಾರು ಮೊದಲು ತನ್ನ ಬ್ಯಾಟರಿ ಬಿಸಿ ಮಾಡಿಕೊಂಡು ಆಮೇಲೆ ಕರೆಂಟಿಗೆ ಬಾಯಿ ತೆರೆಯುತ್ತದೆ. 2024ರ ಜನವರಿಯಲ್ಲಿ ಇಂಥದೇ ಚಳಿಗೆ ಶಿಕಾಗೊದ ಚಾರ್ಜಿಂಗ್ ಸ್ಟೇಷನ್ನುಗಳಲ್ಲಿ ಕಾರುಗಳು ಸಾಲುಗಟ್ಟಿ ನಿಂತುಬಿಟ್ಟಿದ್ದು ಸುದ್ದಿಯಾಗಿತ್ತು. ಅದೇ ವರ್ಷ ಅಷ್ಟೇ ಚಳಿಯ ನಾರ್ವೆಯಲ್ಲಿ ಮಾರಾಟವಾದ ಹತ್ತು ಹೊಸ ಕಾರುಗಳಲ್ಲಿ ಹತ್ತಿರಹತ್ತಿರ ಒಂಬತ್ತು ಬ್ಯಾಟರಿಯವೇ! ಅವರು ಹೊರಡುವ ಮುಂಚೆ, ಪ್ಲಗ್ ಇನ್ನೂ ಹಾಕಿದ್ದಾಗಲೇ, ಗಾಡಿಯ ಒಳಗನ್ನು ಮನೆಯ ಕರೆಂಟಿನಲ್ಲಿ ಬೆಚ್ಚಗೆ ಮಾಡಿಕೊಳ್ಳುತ್ತಾರೆ. ರೂಢಿ ಬೇಕು, ಅಷ್ಟೇ.

"ನಮ್ಮ ಡೀಸಲ್ ಜೀಪಿಗೆ ಇದೆಲ್ಲ ಇರಲಿಲ್ಲಲ್ಲ" ಎಂದರು ಕಾಕಾ. ಇರಲಿಲ್ಲ ಏಕೆಂದರೆ ಆ ಇಂಜಿನ್ನು ಕುಡಿದ ಎಣ್ಣೆಯ ಅರ್ಧಕ್ಕಿಂತ ಹೆಚ್ಚು ಪಾಲು ಬರೀ ಕಾವಾಗಿ ಹೋಗುತ್ತಿತ್ತು, ಹೀಟರು ಅದರಲ್ಲೇ ಪುಕ್ಕಟೆ ನಡೆಯುತ್ತಿತ್ತು. ಮೋಟರಿಗೆ ಅಂಥ ದುಂದು ಗೊತ್ತಿಲ್ಲ. 2020ರಲ್ಲಿ ಬಂದ ಮೊದಲ ನೆಕ್ಸಾನ್ ಇವಿಯ ಬ್ಯಾಟರಿ 30 ಯೂನಿಟ್ಟಿನದು. ಅದರಲ್ಲಿ ಹೀಟರು ತಾಸಿಗೆ 3 ಯೂನಿಟ್ ನುಂಗಿತೆಂದುಕೊಳ್ಳಿ, ಯೂನಿಟ್ಟಿಗೆ ಆರು ಕಿಲೋಮೀಟರ್ ಲೆಕ್ಕ ಹಿಡಿದರೆ 18 ಕಿಲೋಮೀಟರ್ ಗಾಳಿಗೆ ಹೋಯಿತು. ಸ್ವೆಟರಿಗೆ ಕರೆಂಟು ಬೇಕಿಲ್ಲ.

ಆದರೆ ಇದೆಲ್ಲ ಅಲ್ಲಿಯ ಮಾತು. ನಮ್ಮಲ್ಲಿ ನಸುಕಿಗೆ 12-13 ಡಿಗ್ರಿಯಾದರೆ ಹಲ್ಲು ಕಟಕಟ ಅನ್ನುತ್ತವೆ, ಹತ್ತು ಗಂಟೆಗೆಲ್ಲ ಶರ್ಟಿನ ಗುಂಡಿ ಬಿಚ್ಚುತ್ತೇವೆ. ಬ್ಯಾಟರಿಗೆ ಹಿತವಾಗುವುದೇ 20ರಿಂದ 30 ಡಿಗ್ರಿ. ಅದಕ್ಕೆ ನಮ್ಮ ಚಳಿಗಾಲವೆಂದರೆ ತವರುಮನೆ. ಹೆದರಬೇಕಾದ್ದು ಮೇ ತಿಂಗಳಿಗೆ, ಕಲಬುರಗಿ ಸೀಮೆಯಲ್ಲಿ ಪಾರಾ 43 ದಾಟಿದಾಗ. ಆಗ ನೆರಳು ಹುಡುಕಬೇಕು. ಕೌದಿ ಹೊಚ್ಚುವ ಕಾಕಾ ಆಗ ಚಪ್ಪರ ಹಾಕಿಕೊಟ್ಟರೆ ನಾನೇ ಚಹಾ ಕುಡಿಸುತ್ತೇನೆ.

ಗಾಡಿಗೆ ಮಾಡಬೇಕಾದ್ದೊಂದು ಉಂಟು: ಗಾಲಿಯ ಹವಾ. ಐದಾರು ಡಿಗ್ರಿ ಇಳಿದರೆ ಒಂದು ಪಾಯಿಂಟ್ ಹವಾ ಇಳಿಯುತ್ತದೆ. ಮಧ್ಯಾಹ್ನದ ಬಿಸಿಲಲ್ಲಿ 33 ತುಂಬಿಸಿಕೊಂಡು ಬಂದವನ ಗಾಲಿಯಲ್ಲಿ ನಸುಕಿಗೆ 30 ಇದ್ದರೆ ಆಶ್ಚರ್ಯವಿಲ್ಲ. ಹವಾ ಕಡಿಮೆಯಾದಷ್ಟು ಚಾರ್ಜೂ ಬೇಗ ಇಳಿಯುತ್ತದೆ. ಹೊರಡುವ ಮುಂಚೆ, ಗಾಲಿ ತಣ್ಣಗಿದ್ದಾಗಲೇ ನೋಡಿಸಬೇಕು.

ನಿಜವಾಗಿ ತಯಾರಾಗಬೇಕಾದವನು ಗಾಡಿ ಹೊಡೆಯುವವನು. ನಸುಕಿನಲ್ಲಿ ಆಳಂದದ ಕಡೆ ಹೊರಟು ನೋಡಿ. ಕಿವಿಗೆ ಮಫ್ಲರ್, ಕಿಟಕಿ ಬಂದ್, ಗಾಡಿಗೋ ಸದ್ದೇ ಇಲ್ಲ. ರಸ್ತೆ ಬದಿಗೆ ಬೆಂಕಿ ಕಾಯಿಸುತ್ತ ಕುಂತ ಮುದುಕರಿಗೆ ಕಾರು ಬಂದದ್ದು ಕೇಳಿಸುವುದಿಲ್ಲ, ಇವನಿಗೆ ಅವರು ಕೂಗಿದ್ದು ಕೇಳಿಸುವುದಿಲ್ಲ. ಉಸಿರಿಗೆ ಗಾಜು ಮಸುಕಾಗುತ್ತದೆ. ಅಂಗೈಯಿಂದ ಒರೆಸಿದರೆ ಇನ್ನಷ್ಟು ರಾಡಿ. ಒಂದು ನಿಮಿಷ ಎಸಿ ಹಾಕಿದರೆ ಒಳಗಿನ ತೇವ ಎಳೆದುಕೊಂಡು ಗಾಜು ನಿಚ್ಚಳವಾಗುತ್ತದೆ. "ಥಂಡ್ಯಾಗ ಎಸಿ ಹಾಕ್ತಾನ, ಹುಚ್ಚ" ಎಂದು ಕಾಕಾ ಊರೆಲ್ಲ ಹೇಳಿಕೊಂಡು ಬಂದಿದ್ದಾರೆ. ಮಂಜಿನಲ್ಲಿ ಹಿಂದೆ ಕೆಂಪು ದೀಪವಿಲ್ಲದ ಕಬ್ಬಿನ ಟ್ರಾಲಿ ಎದುರಾದರಂತೂ ದೇವರೇ ಗತಿ.

ಇನ್ನು ರಾಶಿ. ಕೊಯ್ಲಿನ ಹಂಗಾಮಿನಲ್ಲಿ ಡಾಂಬರು ರಸ್ತೆಯೇ ಕಣ. ಹರವಿದ ಒಣ ಬೆಳೆಯ ಮೇಲೆ ಹಾಯ್ದು, ಹೊಟ್ಟು ಬುಡಕ್ಕೆ ಸಿಕ್ಕಿ, ಸೈಲೆನ್ಸರಿನ ಕಾವಿಗೆ ಹೊತ್ತಿಕೊಂಡು ಕಾರು ಸುಟ್ಟ ಸುದ್ದಿ ಪೇಪರಿನಲ್ಲಿ ಬರುತ್ತಲೇ ಇರುತ್ತದೆ. ಬ್ಯಾಟರಿ ಕಾರಿಗೆ ಸೈಲೆನ್ಸರೇ ಇಲ್ಲ ಎಂದು ಬೀಗಬಹುದು. ಆದರೂ ಬುಡದಲ್ಲಿರುವುದು ಅದರ ಅತಿ ತುಟ್ಟಿಯ ಭಾಗ. ಕಟ್ಟಿಗೆಯಂಥ ತೊಗರಿ ಕಡ್ಡಿ ಗಾಲಿಗೆ ಸಿಕ್ಕಿಕೊಂಡರೆ ಇಳಿದು ತೆಗೆಯಬೇಕಾದವನು ನಾನೇ. ರಾಶಿ ಕಂಡರೆ ಬದಿಗೆ ಸರಿಯುವುದು ಲೇಸು.

ಎಳ್ಳ ಅಮವಾಸಿಗೆ ಹೊಲಕ್ಕೆ ಬ್ಯಾಟರಿ ಗಾಡಿಯಲ್ಲೇ ಹೋಗೋಣವೆಂದಿದ್ದೇನೆ. ಭಜ್ಜಿಯ ಗಡಿಗೆ, ಸಜ್ಜಿ ರೊಟ್ಟಿಯ ಬುಟ್ಟಿ ಹಿಂದಿನ ಡಿಕ್ಕಿಗೆ. ಕಾಕಾನ ಒಪ್ಪಿಗೆಯೂ ಸಿಕ್ಕಿದೆ, ಆದರೆ ಷರತ್ತಿನ ಮೇಲೆ: "ನೀ ಮಫ್ಲರ್ ತಗದು ನನ್ನ ಕೈಗೆ ಕೊಡು, ನಾ ಹಿಂದ ಕುಂತು ಸುತ್ತಿಕೊಳ್ತೀನಿ. ಮತ್ತ ಅಲ್ಲಿ ಎಸಿ ಹಚ್ಚಿದಿ ಅಂದ್ರ, ಭಜ್ಜಿ ನನ್ನ ಕಡೇನೇ ಉಳೀತದ."