ಮೊದಲು ಕಿವಿ ಮುಚ್ಚಿ, ಆಮೇಲೆ ಆಕಾಶ ತೋರಿಸಿ

ವಿಮಾನ ಪ್ರದರ್ಶನಕ್ಕೆ ಪುಟ್ಟ ಮಕ್ಕಳನ್ನು ಕರೆದೊಯ್ಯುವ ಅಪ್ಪ-ಅಮ್ಮಂದಿರಿಗೆ,

ನಾನು ಬೆಂಗಳೂರಿನ ಯಲಹಂಕ ಉಪನಗರದವಳು. ಎರಡು ವರ್ಷಕ್ಕೊಮ್ಮೆ ಏರೋ ಇಂಡಿಯಾ ವಿಮಾನ ಪ್ರದರ್ಶನ ಹತ್ತಿರವಾದಂತೆ ನಮ್ಮ ಕಡೆ ಏನೇನಾಗುತ್ತದೆ ಎಂಬುದು ಬೇರೆ ಊರಿನವರಿಗೆ ಗೊತ್ತಿರಲಿಕ್ಕಿಲ್ಲ. ಮೊದಲು ಮಾಂಸದಂಗಡಿಗಳು ಬಾಗಿಲು ಹಾಕುತ್ತವೆ. 2025ರಲ್ಲಿ, ಪ್ರದರ್ಶನ ನಡೆಯುವ ಯಲಹಂಕ ವಾಯುನೆಲೆಯ ಸುತ್ತ 13 ಕಿಲೋಮೀಟರ್‌ವರೆಗೆ ಮಾಂಸ, ಮೀನು ಮಾರುವಂತಿಲ್ಲ ಎಂದು ಪಾಲಿಕೆ ಆದೇಶ ಹೊರಡಿಸಿತ್ತು. ಅಂಗಡಿಯವರು ಎಸೆದ ಚೂರುಪಾರಿಗೆ ಹದ್ದುಗಳು ಸೇರುತ್ತವೆ. ಒಂದು ಹದ್ದು ಎಂಜಿನ್ನಿಗೆ ಸಿಕ್ಕರೆ ವಿಮಾನಕ್ಕೇ ಕುತ್ತು. ಆಮೇಲೆ ಹಾರಾಟದ ತಾಲೀಮು ಶುರುವಾಗುತ್ತದೆ. ಬಟ್ಟೆ ಒಣಹಾಕಲು ಟೆರೇಸಿಗೆ ಹೋದವರು ಬಕೆಟ್ಟನ್ನು ಅಲ್ಲೇ ಇಟ್ಟು, ಕತ್ತೆತ್ತಿ ನಿಂತುಬಿಡುತ್ತಾರೆ. 1996ರಲ್ಲಿ ಮೊದಲ ಪ್ರದರ್ಶನ ನಡೆದಾಗಿನಿಂದ ಇದು ನಮ್ಮೂರಿನ ಜಾತ್ರೆ. ಈ ಜಾತ್ರೆಯ ಮೇಲೆ ನನಗೆ ನಿಜವಾದ ಪ್ರೀತಿಯಿದೆ. ಆ ಪ್ರೀತಿ ಇಟ್ಟುಕೊಂಡೇ ಈ ಪತ್ರ ಬರೆಯುತ್ತಿದ್ದೇನೆ.

2025ರ ಫೆಬ್ರವರಿ 14, ಶುಕ್ರವಾರ. ಸಾರ್ವಜನಿಕರಿಗೆ ಪ್ರವೇಶವಿದ್ದ ಕೊನೆಯ ದಿನ. ನಾನು, ನಮ್ಮ ಮನೆಯವರು, ಎಂಟು ವರ್ಷದ ಮಗಳು, ನಾಲ್ಕು ತುಂಬದ ಮಗ, ದೊಡ್ಡಬಳ್ಳಾಪುರದಿಂದ ಹಿಂದಿನ ದಿನವೇ ಬಂದಿದ್ದ ನಮ್ಮಪ್ಪ. ಪುಳಿಯೋಗರೆ, ಮೊಸರನ್ನ, ಆರು ಬಾಟಲಿ ನೀರು, ಟೋಪಿ, ಮಗನಿಗೆ ಒಂದು ಜೊತೆ ಹೆಚ್ಚಿನ ಬಟ್ಟೆ. ಎಲ್ಲವನ್ನೂ ನೆನಪಿಟ್ಟು ಜೋಡಿಸಿದ್ದೆ. ಕಿವಿಯೊಂದು ನೆನಪಿಗೆ ಬರಲಿಲ್ಲ.

ಬೆಳಗಿನ ಹೊತ್ತು ಚೆನ್ನಾಗಿಯೇ ಕಳೆಯಿತು. ನಿಲ್ಲಿಸಿದ್ದ ವಿಮಾನಗಳ ನಡುವೆ ಮಗ ಓಡಾಡಿದ. ದೊಡ್ಡದೊಂದು ಸಾಗಣೆ ವಿಮಾನದ ಗಾಲಿಗಳನ್ನು ಎಣಿಸುತ್ತಾ ಕೂತವನನ್ನು ಎಬ್ಬಿಸಲು ಹತ್ತು ನಿಮಿಷ ಬೇಕಾಯಿತು. ಮಗಳಿಗೆ ಗಾಲಿ ಬೇಡ, ರೆಕ್ಕೆ ಬೇಕು. ಅದು ಯಾಕೆ ಬಾಗಿದೆ, ಇದರ ಬಾಲ ಯಾಕೆ ಎರಡು ಎಂದು ತನ್ನ ಅಪ್ಪನ ಜೀವ ತಿಂದಳು.

ಹಾರಾಟ ಶುರುವಾದ ಮೇಲೆ ಅವಳ ಮೊದಲ ಪ್ರಶ್ನೆ: ‘ತಾತಾ, ವಿಮಾನ ಅಲ್ಲಿದೆ, ಸದ್ದು ಹಿಂದೆ ಯಾಕೆ ಬರ್ತಾ ಇದೆ?’ ನಮ್ಮಪ್ಪ ಓದಿದ್ದು ಏಳನೇ ಕ್ಲಾಸು. ಅವರು ಹೇಳಿದ ಉತ್ತರವನ್ನು ಅವಳ ಸ್ಕೂಲಿನ ಪುಸ್ತಕ ಅಷ್ಟು ಚೆನ್ನಾಗಿ ಹೇಳಲಾರದು. ‘ಕೆರೆ ಆಚೆ ದಡದಲ್ಲಿ ಒಬ್ಬ ಬಟ್ಟೆ ಒಗೀತಿರ್ತಾನೆ ಅನ್ಕೋ. ಬಟ್ಟೆ ಕಲ್ಲಿಗೆ ಬಿದ್ದಿದ್ದು ಕಣ್ಣಿಗೆ ಮೊದ್ಲು ಕಾಣುತ್ತೆ. ಅವನು ಮತ್ತೆ ಕೈ ಮೇಲೆತ್ತಿದಾಗ ಸದ್ದು ನಿನ್ನ ಹತ್ರ ಬರುತ್ತೆ. ಸದ್ದು ನಡ್ಕೊಂಡು ಬರ್ಬೇಕಲ್ಲಮ್ಮ.’ ಸೆಕೆಂಡಿಗೆ ಸುಮಾರು 340 ಮೀಟರ್ ನಡಿಗೆ. ಒಂದು ಕಿಲೋಮೀಟರ್ ದಾಟಲು ಮೂರು ಸೆಕೆಂಡು. ವಿಮಾನ ಅಷ್ಟರೊಳಗೆ ಎಲ್ಲಿಗೋ ಹೋಗಿರುತ್ತದೆ.

ವಾಯುಪಡೆಯ ಸೂರ್ಯಕಿರಣ ತಂಡ ಬಂದಾಗ ಅಪ್ಪನ ಮುಖ ನೋಡಬೇಕಿತ್ತು. ಈ ತಂಡ 1996ರಲ್ಲಿ ಬೀದರಿನಲ್ಲಿ ಕಟ್ಟಿದ್ದು, ಮೊದಲು ಹಾರಿಸಿದ್ದು ಬೆಂಗಳೂರಿನಲ್ಲೇ ತಯಾರಾದ ಕಿರಣ್ ವಿಮಾನಗಳನ್ನು. 2011ರಲ್ಲಿ ನಿಂತುಹೋಗಿ, 2015ರಲ್ಲಿ ಹಾಕ್ ವಿಮಾನಗಳೊಂದಿಗೆ ಮರಳಿ ಬಂತು. ಕೆಂಪು-ಬಿಳಿ ಬಣ್ಣದ ಒಂಬತ್ತು ವಿಮಾನ, ಒಂದರ ರೆಕ್ಕೆಗೂ ಇನ್ನೊಂದರ ರೆಕ್ಕೆಗೂ ನಾಲ್ಕೈದು ಮೀಟರ್ ಅಂತರ. ಅಪ್ಪ ಚಪ್ಪಾಳೆ ತಟ್ಟುವುದಿಲ್ಲ, ಎಣಿಸುತ್ತಾರೆ. 2019ರ ಫೆಬ್ರವರಿ 19ರಂದು ಇದೇ ಯಲಹಂಕದ ಮೇಲೆ ತಾಲೀಮಿನಲ್ಲಿ ಎರಡು ಹಾಕ್‌ಗಳು ಡಿಕ್ಕಿಯಾಗಿ ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ ತೀರಿಕೊಂಡರು. ಅಂದಿನಿಂದ ಅಪ್ಪ ಒಂಬತ್ತೂ ನೆಲಕ್ಕಿಳಿಯುವವರೆಗೆ ಬೆರಳು ಮಡಿಸುವುದನ್ನು ನಿಲ್ಲಿಸುವುದಿಲ್ಲ.

ಇಲ್ಲಿಯವರೆಗೂ ಮಗ ನನ್ನ ಸೊಂಟದ ಮೇಲೆ ಕೂತು ಹೊಗೆಯ ಗೆರೆಗಳನ್ನು ನೋಡಿ ನಗುತ್ತಿದ್ದ. ಆಮೇಲೆ ಸುಖೋಯ್ ಯುದ್ಧ ವಿಮಾನ ಏರಿತು.

ಆ ಸದ್ದನ್ನು ಟಿ.ವಿ.ಯಲ್ಲಿ ಕೇಳಿ ಅಳೆಯಬೇಡಿ. ಅದು ಎದೆಗೂಡಿನೊಳಗೆ ನುಗ್ಗುತ್ತದೆ, ಕಾಲಡಿಯ ನೆಲ ನಡುಗುತ್ತದೆ. ಮಗ ಎರಡೂ ಕೈಯಲ್ಲಿ ಕಿವಿ ಒತ್ತಿಕೊಂಡು, ಮುಖವನ್ನು ನನ್ನ ಹೆಗಲಿಗೆ ತುರುಕಿ ಕಿರುಚಿದ. ಅವನು ಕಿರುಚುತ್ತಿದ್ದಾನೆ ಎಂಬುದು ನನಗೆ ಗೊತ್ತಾದದ್ದು ಅವನ ಮೈ ನಡುಗಿದ್ದರಿಂದ. ದನಿ ಕೇಳಿಸಲೇ ಇಲ್ಲ. ಸದ್ದು ಇಳಿದ ಮೇಲೆ ಹಿಂದೆ ನಿಂತಿದ್ದವರೊಬ್ಬರು ‘ಇಷ್ಟಕ್ಕೇ ಅತ್ರೆ ಪೈಲಟ್ ಆಗೋದು ಹೆಂಗಪ್ಪಾ?’ ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ. ಅದಕ್ಕಿಂತ ಕೆಟ್ಟ ಮಾತನ್ನು ನಾನೇ ಆಡಿದೆ. ‘ಗಂಡು ಹುಡುಗ ನೀನು, ಹೆದರ್ತಾರಾ? ಕೈ ತೆಗಿ, ನೋಡು’ ಎಂದು ಅವನ ಕೈಗಳನ್ನು ಕಿವಿಯಿಂದ ಬಿಡಿಸಿದೆ.

ಈ ಪತ್ರ ಬರೆಯಲು ಕಾರಣ ಆ ಎರಡು ಪುಟ್ಟ ಕೈ. ಅವು ಸರಿಯಾದ ಜಾಗದಲ್ಲಿದ್ದವು. ತೆಗೆಸಿದವಳು ನಾನು.

ಆಗ ಅಪ್ಪ ಮುಂದೆ ಬಂದು, ತಮ್ಮ ಎರಡೂ ಅಂಗೈಗಳನ್ನು ಅವನ ಕಿವಿಗೆ ಕವುಚಿದರು. ‘ಮುಚ್ಚಮ್ಮ ಅವ್ನ ಕಿವೀನ. ನನ್ನ ಕಿವಿ ಮಗ್ಗಕ್ಕೆ ಹೋಯ್ತು, ಇವನದೂ ಹೋಗ್ಬೇಕಾ?’

ಅಪ್ಪ ಮನೆಯಲ್ಲೇ ನಾಲ್ಕು ಪವರ್‌ಲೂಮ್ ಇಟ್ಟುಕೊಂಡು ಮೂವತ್ತೈದು ವರ್ಷ ರೇಷ್ಮೆ ಸೀರೆ ನೇಯ್ದವರು. ದೊಡ್ಡಬಳ್ಳಾಪುರದ ನೇಕಾರರ ಬೀದಿಗಳಲ್ಲಿ ಹುಟ್ಟಿ ಬೆಳೆದವರಿಗೆ ಲಾಳಿಯ ಸದ್ದು ಉಸಿರಾಟದ ಹಾಗೆ. ಅದು ನಿಂತರೇ ಎಚ್ಚರವಾಗುತ್ತದೆ. ಆ ಸದ್ದು ಅವರ ಕಿವಿಯನ್ನು ಒಂದೇ ದಿನದಲ್ಲಿ ತೆಗೆದುಕೊಳ್ಳಲಿಲ್ಲ. ಮೊದಲು ಹಕ್ಕಿಯ ದನಿ ಹೋಯಿತು, ಆಮೇಲೆ ಹೆಂಗಸರು, ಮಕ್ಕಳ ಮಾತು. ಈಗ ಮೊಮ್ಮಗಳು ಅವರ ಜೊತೆ ಎದುರಿಗೆ ನಿಂತು, ತುಟಿ ಕಾಣುವ ಹಾಗೆ ಮಾತಾಡಬೇಕು. ಅವಳು ಹಾಗೆಯೇ ಮಾತಾಡುತ್ತಾಳೆ.

ಅಷ್ಟು ಹೊತ್ತಿಗೆ ಮೈದಾನದಲ್ಲಿ ಮಗಳು ಇನ್ನೊಂದನ್ನು ನೋಡಿದ್ದಳು. ‘ಅಮ್ಮಾ, ವಿಮಾನದ ಹತ್ರ ಇರೋ ಅಂಕಲ್‌ಗಳೆಲ್ಲಾ ಹೆಡ್‌ಫೋನ್ ಹಾಕ್ಕೊಂಡಿದಾರೆ. ಹಾಡು ಕೇಳ್ತಿದಾರಾ?’ ದೂರದಲ್ಲಿ, ವಿಮಾನಗಳ ಪಕ್ಕ ಕೆಲಸ ಮಾಡುತ್ತಿದ್ದ ಒಬ್ಬೊಬ್ಬರ ಕಿವಿಯ ಮೇಲೂ ದಪ್ಪನೆಯ ಮುಚ್ಚಳ. ಒಳಗೆ ಕೂತ ಪೈಲಟ್‌ಗೆ ಹೆಲ್ಮೆಟ್. ವಿಮಾನದ ಜೊತೆ ದಿನ ಕಳೆಯುವವರೆಲ್ಲ ಕಿವಿ ಮುಚ್ಚಿಕೊಂಡಿದ್ದರು. ಅವರು ಹೆದರುಪುಕ್ಕಲರಲ್ಲ, ಬಲ್ಲವರು. ನನ್ನ ಮಗನ ಕೈಗಳೂ ಅದನ್ನೇ ಮಾಡಿದ್ದವು.

ರಾತ್ರಿ ಮಲಗಿಸುವಾಗ ಮಗ ಕಿವಿ ಎಳೆದುಕೊಂಡು, ‘ಅಮ್ಮಾ, ಒಳಗೆ ಸೊಳ್ಳೆ ಇದೆ, ತೆಗಿ’ ಎಂದ. ಟಾರ್ಚ್ ಹಿಡಿದು ನೋಡಿದೆ. ಸೊಳ್ಳೆ ಇರಲಿಲ್ಲ. ನಾನು ಆ ರಾತ್ರಿ ನಿದ್ದೆ ಮಾಡಲಿಲ್ಲ. ಬೆಳಿಗ್ಗೆ ಎದ್ದವನೇ ‘ಸೊಳ್ಳೆ ಹೋಯ್ತು’ ಎಂದ. ಆದರೂ ಕಿವಿಯ ಡಾಕ್ಟರ ಹತ್ತಿರ ಹೋದೆವು. ಪರೀಕ್ಷೆಯಲ್ಲಿ ಎಲ್ಲ ಸರಿಯಾಗಿತ್ತು. ಆಮೇಲೆ ಅವರು ಕೂರಿಸಿಕೊಂಡು ಹೇಳಿದ್ದನ್ನು ನಿಮಗೂ ಹೇಳುತ್ತೇನೆ.

ಒಳಗಿವಿಯಲ್ಲಿ ಸುಮಾರು 15,000 ಕೂದಲ ಕೋಶಗಳಿರುತ್ತವೆ. ಸದ್ದು ಬಂದಾಗ ಅವು ಗಾಳಿಗೆ ಪೈರು ಬಾಗಿದ ಹಾಗೆ ಬಾಗಿ, ಎದ್ದು ನಿಲ್ಲುತ್ತವೆ. ಸದ್ದು ಮಿತಿ ಮೀರಿದರೆ ಸೋತು ಮಲಗುತ್ತವೆ. ಆಗ ಕೇಳುವುದೇ ಆ ಸೊಳ್ಳೆಯ ಗುಂಯ್. ಬಹಳಷ್ಟು ಮತ್ತೆ ಎದ್ದುಕೊಳ್ಳುತ್ತವೆ. ಸತ್ತವು ಮತ್ತೆ ಹುಟ್ಟುವುದಿಲ್ಲ, ಮನುಷ್ಯರಲ್ಲಿ ಅವು ಚಿಗುರುವುದೇ ಇಲ್ಲ. ಕೆಲಸದ ಜಾಗಗಳಿಗೆಂದು ತಜ್ಞರು ಹಾಕಿದ ಲೆಕ್ಕವೊಂದಿದೆ: 85 ಡೆಸಿಬೆಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ತಡೆದುಕೊಳ್ಳಬಹುದು. ಮೂರು ಡೆಸಿಬೆಲ್ ಏರಿದಂತೆಲ್ಲ ಹೊತ್ತು ಅರ್ಧಕ್ಕಿಳಿಯುತ್ತದೆ. 100 ಡೆಸಿಬೆಲ್‌ಗೆ ಹದಿನೈದು ನಿಮಿಷ, 112ಕ್ಕೆ ಒಂದು ನಿಮಿಷವೂ ಇಲ್ಲ. ಇದು ಬೆಳೆದವರ ಲೆಕ್ಕ. ಯುದ್ಧ ವಿಮಾನ ಪೂರ್ತಿ ಬಲ ಹಾಕಿ ಹತ್ತಿರದಲ್ಲಿ ಏರುವಾಗಿನ ಸದ್ದು ಈ ಅಂಕಿಗಳನ್ನೂ ದಾಟಬಲ್ಲದು. ಮಕ್ಕಳ ಕಿವಿಯ ಕೊಳವೆ ಚಿಕ್ಕದು. ಅದೇ ಸದ್ದು, ಅದರಲ್ಲೂ ಕೀರಲು ಸದ್ದು, ಅದರೊಳಗೆ ಇನ್ನೂ ಜೋರಾಗುತ್ತದೆ.

ಆದ್ದರಿಂದ, ದಯವಿಟ್ಟು ಮಕ್ಕಳಿಗೆ ಇಡೀ ಕಿವಿ ಮುಚ್ಚುವ ಇಯರ್‌ಮಫ್ ತೊಡಿಸಿ. ಹತ್ತಿ ತುರುಕಿದರೆ ಆಗುವುದಿಲ್ಲ, ಅದು ಸದ್ದನ್ನು ತಡೆಯುವುದು ಅತ್ಯಲ್ಪ. ಹಾಡು ಕೇಳುವ ಹೆಡ್‌ಫೋನ್ ಬೇರೆ, ಸದ್ದು ತಡೆಯುವ ಇಯರ್‌ಮಫ್ ಬೇರೆ. ಪುಟ್ಟ ಮಕ್ಕಳಿಗೆ ಕಿವಿಯೊಳಗೆ ಇಡುವ ಬಿರಡೆ ಬೇಡ, ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಾರೆ. ಮಕ್ಕಳ ಅಳತೆಯದನ್ನೇ ಕೇಳಿ ಕೊಳ್ಳಿ, ತಲೆಗೆ ಬಿಗಿಯಾಗಿ ಕೂರಬೇಕು. ಒಂದು ವಾರ ಮುಂಚೆ ತಂದು ಮನೆಯಲ್ಲಿ ಮಿಕ್ಸಿ ಹಾಕುವಾಗ ತೊಡಿಸಿ ರೂಢಿ ಮಾಡಿಸಿ. ಅಲ್ಲಿ ಹೋಗಿ ಮೊದಲ ಸಲ ಹಾಕಿದರೆ ಕಿತ್ತೆಸೆಯುತ್ತಾರೆ. ಕೈಗೂಸನ್ನು ಕರೆದೊಯ್ಯಲೇಬೇಡಿ. ಅದಕ್ಕೆ ಅಲ್ಲಿ ಸಿಗುವುದು ಬಿಸಿಲು, ಸದ್ದು ಎರಡೇ.

ಬಿಸಿಲನ್ನೂ ಹಗುರವಾಗಿ ಕಾಣಬೇಡಿ. 2024ರ ಅಕ್ಟೋಬರ್ 6ರಂದು ಚೆನ್ನೈನ ಮರೀನಾ ಕಡಲತೀರದಲ್ಲಿ ವಾಯುಪಡೆಯ ಪ್ರದರ್ಶನ ನೋಡಲು ಲಕ್ಷಗಟ್ಟಲೆ ಜನ ಸೇರಿದ್ದರು. ಬಿಸಿಲು, ನೂಕುನುಗ್ಗಲಿನ ಆ ದಿನ ಐವರು ಸತ್ತರು. ಅವರೂ ನಮ್ಮ ಹಾಗೆ ಬುತ್ತಿ ಕಟ್ಟಿಕೊಂಡು ಖುಷಿಯಿಂದ ಹೊರಟವರೇ.

ಮುಂದಿನ ಸಾಲು ಸಿಗಲಿಲ್ಲವೆಂದು ಕೊರಗಬೇಡಿ. ನಾಲ್ಕು ವರ್ಷದ ಮಗುವಿಗೆ ಗಾಲಿ ಎಣಿಸುವುದೇ ಹಬ್ಬ. ಹಾರಾಟವನ್ನು ದೂರದಿಂದ ತೋರಿಸಿದರೆ ಸಾಕು. ಸದ್ದು ನಡೆದು ಬರುವಷ್ಟರಲ್ಲಿ ಅರ್ಧ ದಣಿದಿರುತ್ತದೆ. ಬೆಂಗಳೂರಿನವರಾದರೆ ಎಚ್‌ಎಎಲ್‌ನ ವಿಮಾನ ಸಂಗ್ರಹಾಲಯವಿದೆ. ಅಲ್ಲಿ ವಿಮಾನಗಳು ಸದ್ದಿಲ್ಲದೆ ನಿಂತಿರುತ್ತವೆ, ಮಗು ಎಷ್ಟು ಹೊತ್ತು ಬೇಕಾದರೂ ದಿಟ್ಟಿಸಬಹುದು. ಪ್ರದರ್ಶನ ನಡೆಸುವವರಲ್ಲಿಯೂ, ಅದು ಯಾವ ಊರಿನಲ್ಲೇ ಇರಲಿ, ಒಂದು ಕೋರಿಕೆ: ಟಿಕೆಟ್ಟಿನ ಮೇಲೆ ‘ಮಕ್ಕಳ ಕಿವಿ ಮುಚ್ಚಿ’ ಎಂಬ ಒಂದು ಸಾಲನ್ನು ಆಯಾ ಊರಿನ ಭಾಷೆಯಲ್ಲಿ, ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿ. ಯುದ್ಧ ವಿಮಾನ ಏರುವ ಒಂದು ನಿಮಿಷ ಮುಂಚೆ ಮೈಕಿನಲ್ಲಿ ಕೂಗಿಸಿ.

ಮತ್ತೊಂದು. ಮಗು ಕಿವಿ ಮುಚ್ಚಿಕೊಂಡರೆ ನಗಬೇಡಿ. ಗಂಡು, ಹೆಣ್ಣು, ಹೇಡಿ, ಧೀರ ಎಂಬ ಮಾತುಗಳನ್ನು ಅಲ್ಲಿ ತರಲೇಬೇಡಿ. ಅದರ ಕೈ ಮೇಲೆ ನಿಮ್ಮ ಕೈ ಇಡಿ.

ಮಗನ ಇಯರ್‌ಮಫ್ ಈಗ ನಮ್ಮ ಮನೆಯ ಬಾಗಿಲ ಹಿಂದಿನ ಮೊಳೆಗೆ ನೇತುಬಿದ್ದಿದೆ, ನೀಲಿಯದು. ವಿಮಾನದ ಸದ್ದು ಕೇಳಿದರೆ ಸ್ಟೂಲ್ ಎಳೆದುಕೊಂಡು ತಾನೇ ತೆಗೆದು ಹಾಕಿಕೊಂಡು ಟೆರೇಸಿಗೆ ಓಡುತ್ತಾನೆ. ಮಗಳದು ಇನ್ನೊಂದು ಇದೆ. ಯಲಹಂಕದ ಸುತ್ತಮುತ್ತಲಿನವರಾಗಿದ್ದು, ಮಗುವಿಗೆ ಕೊಳ್ಳಲು ಆಗದಿದ್ದರೆ, ಮುಂದಿನ ಪ್ರದರ್ಶನದ ದಿನ ನಮ್ಮ ಬೀದಿಯಲ್ಲಿ ಯಾರನ್ನಾದರೂ ಕೇಳಿ, ಮನೆ ತೋರಿಸುತ್ತಾರೆ. ಎರಡನ್ನೂ ಒಯ್ಯಿರಿ, ಸಂಜೆ ತಂದುಕೊಟ್ಟರಾಯಿತು.

ಇಂತಿ,
ಯಲಹಂಕದ ಒಬ್ಬ ತಾಯಿ