ಎಂಜಲಿಗೆ ರೇಟು, ರಕ್ತ ಪುಕ್ಕಟೆ

ನಮ್ಮ ಅಪಾರ್ಟ್‌ಮೆಂಟಿನ ಗೆಳೆಯರೊಬ್ಬರು ಮೊನ್ನೆ ಒಂದು ಪ್ಲಾಸ್ಟಿಕ್ ಕೊಳವೆಗೆ ಉಗುಳಿ ಕೊರಿಯರ್ ಮಾಡಿದರು. ಸಾವಿರಗಟ್ಟಲೆ ದುಡ್ಡನ್ನೂ ಕಟ್ಟಿದರು. ಕೆಲವು ವಾರದ ಮೇಲೆ ಬಣ್ಣಬಣ್ಣದ ವರದಿ ಬಂತು: ನಿಮ್ಮ ಜೀನಿಗೆ ಕಾಫಿ ಆಗಿಬರುವುದಿಲ್ಲ, ಸಂಜೆ ಕುಡಿದರೆ ನಿದ್ದೆ ಕೆಡುತ್ತದೆ.

ಇದನ್ನೇ ಅವರ ಹೆಂಡತಿ ಇಪ್ಪತ್ತು ವರ್ಷದಿಂದ ಹೇಳುತ್ತಿದ್ದಾರೆ. ಪುಕ್ಕಟೆ ಹೇಳಿದ್ದಕ್ಕೆ ವಿಜ್ಞಾನವಾಗಲಿಲ್ಲ.

ಹೀಗೆ ಜೀನು ನೋಡಿ ಮಾಡುವ ವೈದ್ಯಕ್ಕೆ ಪ್ರಿಸಿಷನ್ ಮೆಡಿಸಿನ್, ಅಂದರೆ ನಿಖರ ವೈದ್ಯ, ಅನ್ನುತ್ತಾರಂತೆ. ಅಳತೆ ಕೊಟ್ಟು ಹೊಲಿಸಿದ ಅಂಗಿಯ ಹಾಗೆ, ನಿಮ್ಮ ಜೀನಿಗೆ ನಿಮ್ಮದೇ ಚಿಕಿತ್ಸೆ. ವಿಜ್ಞಾನದ ಮೇಲೆ ನನಗೆ ಸಿಟ್ಟಿಲ್ಲ. ಸ್ತನ ಕ್ಯಾನ್ಸರಿನ ಗಡ್ಡೆಯಲ್ಲಿ ಹರ್-2 ಎಂಬ ಪ್ರೋಟೀನು ಹೆಚ್ಚಿದೆಯೇ ಎಂದು ನೋಡಿ ಕೊಡುವ ಔಷಧ ಟ್ರಾಸ್ಟುಜುಮ್ಯಾಬ್‌ಗೆ ಅಮೆರಿಕ 1998ರಲ್ಲೇ ಒಪ್ಪಿಗೆ ಕೊಟ್ಟಿತು. ಎಷ್ಟೋ ಹೆಂಗಸರು ಅದರಿಂದ ಬದುಕಿದ್ದಾರೆ. ಸಿಟ್ಟು ಬರುವುದು ಅಳತೆ ಯಾರದ್ದು, ಅಂಗಿ ಯಾರಿಗೆ ಅನ್ನುವಲ್ಲಿ.

ಸಾಗರ ತಾಲ್ಲೂಕಿನ ಹಂದಿಗೋಡಿಗೆ ಬನ್ನಿ. 1970ರ ದಶಕದ ನಡುವೆ ಅಲ್ಲಿನ ದಲಿತ ಕೂಲಿಕಾರರಿಗೆ ಸೊಂಟ ಹಿಡಿಯಿತು, ಮಂಡಿ ಹಿಡಿಯಿತು. ನೆಟ್ಟಗೆ ನಡೆಯುತ್ತಿದ್ದವರು ಕೋಲೂರಿದರು. ಕೆಲವರು ತೆವಳಿದರು. ಗದ್ದೆಯ ಏಡಿ ತಿಂದದ್ದಕ್ಕೆ ಹೀಗಾಯಿತು ಎಂಬ ಗುಮಾನಿ ಮೊದಲು ಹುಟ್ಟಿತು. ಬಡವನಿಗೆ ಕಾಯಿಲೆ ಬಂದರೆ ನಾವು ಮೊದಲು ಇಣುಕುವುದು ಅವನ ತಟ್ಟೆಯೊಳಗೇ.

ಆಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಐಸಿಎಂಆರ್, ಬಂತು. ಹೈದರಾಬಾದಿನ ಪೌಷ್ಟಿಕತೆಯ ಸಂಸ್ಥೆ ಬಂತು. ರಕ್ತ ತೆಗೆದರು, ಎಕ್ಸ್‌-ರೇ ತೆಗೆದರು, ವಂಶವೃಕ್ಷ ಬರೆದುಕೊಂಡರು. ಏಡಿ ನಿರಪರಾಧಿ, ಇದು ತಲೆಮಾರಿನಿಂದ ತಲೆಮಾರಿಗೆ ಇಳಿದು ಬರುವ ಮೂಳೆಯ ರೋಗ ಎಂದರು. ರೋಗಕ್ಕೆ ಊರಿನ ಹೆಸರು ಸಿಕ್ಕಿತು. ಊರಿಗೆ ನೋವಿನ ಮಾತ್ರೆ ಸಿಕ್ಕಿತು.

ಐವತ್ತು ವರ್ಷವಾಯಿತು. ರೋಗವನ್ನು ಗುಣಪಡಿಸುವ ಔಷಧ ಇವತ್ತಿಗೂ ಇಲ್ಲ. ಹಂದಿಗೋಡಿನವರು ಉಗುಳುವುದಕ್ಕೆ ಯಾರೂ ಕೊಳವೆ ಕಳಿಸಿಲ್ಲ, ಕಾಸು ಹುಟ್ಟುವುದಿಲ್ಲವಲ್ಲ.

ನಡುವೆ 2020ರಲ್ಲಿ ದೇಶದ ಜನರ ಜೀನುಗಳನ್ನು ಓದಿಡುವ ಸರ್ಕಾರಿ ಯೋಜನೆ ಜೀನೋಮ್ ಇಂಡಿಯಾ ಶುರುವಾಯಿತು. 83 ಸಮುದಾಯಗಳು, 10 ಸಾವಿರ ಜನರ ಜೀನೋಮಿನ ಗುರಿ. ಮುಂದಾಳುತನ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರದ್ದು. 2025ರ ಜನವರಿಯಲ್ಲಿ ಮಾಹಿತಿ ಬಿಡುಗಡೆಯಾಯಿತು, ಭಾಷಣವೂ ಆಯಿತು. ದೇಶದ ಜೀನುಗಳು ಈಗ ಫರೀದಾಬಾದಿನ ದತ್ತಾಂಶ ಕೇಂದ್ರದ ಕಂಪ್ಯೂಟರಿನಲ್ಲಿ ಕ್ಷೇಮ. ಜೀನಿನ ಯಜಮಾನರು ಸರ್ಕಾರಿ ಆಸ್ಪತ್ರೆಯ ಕ್ಯೂನಲ್ಲಿ.

ಇನ್ನು ಔಷಧ ಇದ್ದರೆ? ಎಸ್‌ಎಂಎ ಎಂಬ ಸ್ನಾಯು ಸೊರಗಿಸುವ ರೋಗ ಇರುವ ಕೂಸಿಗೆ ಒಂದೇ ಡೋಸಿನ ಜೀನ್ ಚಿಕಿತ್ಸೆ ಇದೆ. 2021ರಲ್ಲಿ ಬೆಲೆ ಸುಮಾರು 16 ಕೋಟಿ ಇತ್ತು. ಅಪರೂಪದ ರೋಗಗಳ ನೀತಿಯಲ್ಲಿ ಸರ್ಕಾರ ಕೊಡುವುದು ಹೆಚ್ಚೆಂದರೆ 50 ಲಕ್ಷ. ಆ ಬೆಲೆಯಲ್ಲಿ ಉಳಿದ ಹದಿನೈದೂವರೆ ಕೋಟಿಗೆ ಅಪ್ಪ ಅಮ್ಮ ಕೂಸಿನ ಫೋಟೋ ಹಿಡಿದು ವಾಟ್ಸಾಪಿನಲ್ಲಿ ಜೋಳಿಗೆ ಹಾಕಬೇಕು. ಲೆಕ್ಕ ಮಾತ್ರ ಬಲು ನಿಖರ.

ನಾವೇನು ಕಡಿಮೆಯೇ? ಜಾತಕದಲ್ಲಿ ಗಂಡು-ಹೆಣ್ಣಿನ ನಾಡಿಕೂಟ ಕೂಡದಿದ್ದರೆ ಸಂಬಂಧ ಬೇಡ ಅನ್ನುತ್ತೇವೆ. ಮಕ್ಕಳಿಗೆ ಇಳಿದು ಬರುವ ರಕ್ತದ ರೋಗ ಥಲಸ್ಸೀಮಿಯಾಗೆ ಒಂದು ರಕ್ತಪರೀಕ್ಷೆ ಮಾಡಿಸೋಣವೇ ಎಂದು ಕೇಳಿದರೆ ಬೀಗರು ಉಪ್ಪಿಟ್ಟು ಬಿಟ್ಟು ಎದ್ದು ಹೋಗುತ್ತಾರೆ.

ಬೆಂಗಳೂರಿನಿಂದ ಸಾಗರಕ್ಕೆ ರಾತ್ರಿ ರೈಲಿದೆ, ಪ್ರಿಸಿಷನ್ ಮಹನೀಯರೇ. ಹತ್ತಿ ಮಲಗಿದರೆ ಬೆಳಿಗ್ಗೆ ಇಳಿಯಬಹುದು. ಸಂಜೆಯ ಕಾಫಿ ಬಿಟ್ಟವರಿಗೆ ನಿದ್ದೆಯೂ ಚೆನ್ನಾಗಿ ಬರುತ್ತದೆ.